ಆಯಿಯ ಅಂಗೈಯಲ್ಲಿ ನನ್ನ ಇಷ್ಟಲಿಂಗ

ಗಗನಯಾತ್ರಿಗಳು ಕೂರುವ ಆಸನ ಮಾಡುವುದು ನನ್ನ ಕೆಲಸವಾಗಿತ್ತು. ಯರಗುಪ್ಪಿಯ ಕನ್ನಡ ಶಾಲೆ, ಕುಂದಗೋಳದ ಹೈಸ್ಕೂಲು, ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್, ಆಮೇಲೆ ಬೆಂಗಳೂರಿನಲ್ಲಿ ಈ ನೌಕರಿ. ನೌಕೆ ಮರಳಿ ಬಂದು ಸಮುದ್ರಕ್ಕೆ ಅಪ್ಪಳಿಸಿದಾಗ ಒಳಗೆ ಕೂತವರ ಬೆನ್ನುಮೂಳೆಗೆ ಪೆಟ್ಟಾಗಬಾರದು. ಅದನ್ನು ನೋಡಿಕೊಳ್ಳುವುದು ನನ್ನ ಪಾಲಿಗೆ ಬಂದಿತ್ತು. ಊರಿಗೆ ಹೋದರೆ ಅಪ್ಪನ ತಮ್ಮ, ಕಾಕಾ, ಕಾಲೆಳೆಯದೆ ಬಿಡುತ್ತಿರಲಿಲ್ಲ.

“ಕುರ್ಚಿ ಮಾಡಾಕ ಇಷ್ಟ ಓದಬೇಕಿತ್ತೇನವಾ? ನಮ್ಮ ಬಡಿಗ್ಯಾಗ ಹೇಳಿದ್ರ ಸಂತಿ ದಿನದೊಳಗ ಮಾಡಿಕೊಡತಿದ್ದ!”

ನಾನೂ ನಗುತ್ತಿದ್ದೆ. ಆದರೆ ಅಳತೆಗೆಂದು ಬೇರೆಯವರನ್ನು ಅದರಲ್ಲಿ ಕೂರಿಸುವಾಗ ಹೊಟ್ಟೆಕಿಚ್ಚಾಗುತ್ತಿತ್ತು, ಸುಳ್ಳೇಕೆ ಹೇಳಲಿ. ಪೈಲಟ್‌ಗಳಿಗಷ್ಟೇ ಇದ್ದ ಗಗನಯಾತ್ರಿ ಆಯ್ಕೆಯನ್ನು ಇಂಜಿನಿಯರುಗಳಿಗೂ ತೆರೆದಾಗ ಮೊದಲು ಅರ್ಜಿ ಹಾಕಿದವರಲ್ಲಿ ನಾನೂ ಒಬ್ಬಳು. ಓಡಿಸಿದರು, ಗರಗರ ತಿರುಗಿಸಿದರು, ಸದ್ದಿಲ್ಲದ ಕೋಣೆಯಲ್ಲಿ ಒಬ್ಬಳನ್ನೇ ಕೂಡಿಹಾಕಿದರು. ಎಲ್ಲ ದಾಟಿದೆ. ಉಳಿದದ್ದು ಕೊನೆಯ ದೇಹ ತಪಾಸಣೆ. ಅಂದು ಬೆಳಗಿನಿಂದ ಸಂಜೆಯವರೆಗೆ ಮೈಮೇಲೆ ಒಂದು ದಾರವೂ ಇರಕೂಡದು ಎಂದರು.

ನನ್ನ ಕೊರಳಲ್ಲಿ ಇಷ್ಟಲಿಂಗವಿತ್ತು. ನಮ್ಮ ಮನೆಯಲ್ಲಿ ಕೂಸು ಹುಟ್ಟುತ್ತಲೇ ಕಟ್ಟುತ್ತಾರೆ. ಸ್ನಾನದಲ್ಲೂ ನಿದ್ದೆಯಲ್ಲೂ ಅದು ಮೈ ಬಿಡುವಂತಿಲ್ಲ. ನಾನು ದೊಡ್ಡ ಭಕ್ತೆಯೇನಲ್ಲ, ಎಷ್ಟೋ ದಿನ ಪೂಜೆಯನ್ನು ಗಡಿಬಿಡಿಯಲ್ಲಿ ಮುಗಿಸಿದ್ದೇನೆ. ಆದರೆ ತಾಯಿಯಿಲ್ಲದ ನನ್ನನ್ನು ಸಾಕಿದವಳು ಆಯಿ, ಅಪ್ಪನ ತಾಯಿ. ಲಿಂಗ ಮೈ ಬಿಡುವುದೂ ಜೀವ ಹೋಗುವುದೂ ಅವಳಿಗೆ ಒಂದೇ. ಅವಳು ಬೇಡವೆಂದರೆ ಆಯ್ಕೆಯನ್ನೇ ಬಿಟ್ಟುಬಿಡಬೇಕೆಂದು ನಿರ್ಧರಿಸಿಯೇ ಊರಿಗೆ ಬಂದೆ.

ಆಯಿ ಕಟ್ಟೆಯ ಮೇಲೆ ಕೂತು ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಳು. ಎಲ್ಲ ಹೇಳಿದೆ.

“ಬಿಚ್ಚಿ ಎಲ್ಲಿ ಇಡತಾರ?”

“ಪೆಟ್ಟಿಗ್ಯಾಗ ಇಟ್ಟು ಕೀಲಿ ಹಾಕತಾರಂತ.”

“ಪೆಟ್ಟಿಗ್ಯಾಗ? ಅದೇನ ಚಪ್ಪಲಿ ಏನು?”

ಹಿಡಿ ಮೆಣಸಿನಕಾಯಿಯನ್ನು ಬುಟ್ಟಿಗೆ ಒಗೆದಳು. ಮುಗಿಯಿತು ಎಂದುಕೊಂಡೆ. ಅಳು ತಡೆಯಲಾಗಲಿಲ್ಲ.

“ಅಳಬ್ಯಾಡ. ನಿನಗ ಲಿಂಗಾ ಕಟ್ಟೂ ಮುಂದ ತೊಡಿ ಮ್ಯಾಲ ಹಾಕ್ಕೊಂಡು ಕುಂತಾಕಿ ನಾನು. ಬಿಚ್ಚಿದ್ರೂ ನಾನ ಹಿಡಕೋತೀನಿ. ಹೋಗೂಣು ನಡಿ.”

ಅಪ್ಪ ಗಾಬರಿಯಾದ. “ಇನ್ನೊಬ್ಬರ ಲಿಂಗಾ ಹಿಡೀಲಿಕ್ಕೆ ಬರತೈತೇನವ್ವಾ? ಮಠದ ಅಯ್ಯನೋರ್ನ ಕೇಳೂಣು ತಡಿ.”

“ನೀ ಕೇಳಿ ಬರೂದ್ರಾಗ ಹುಡುಗಿ ಮುದುಕಿ ಆಗತಾಳ,” ಎಂದಳು ಆಯಿ.

ರೈಲಿನಲ್ಲಿ ನನ್ನ ಜೊತೆ ಬೆಂಗಳೂರಿಗೆ ಬಂದಳು. ತಪಾಸಣೆ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತು, ಎಡಗೈಗೆ ಸೆರಗು ಹಾಸಿಕೊಂಡು, ಲಿಂಗವನ್ನು ಇಸಿದುಕೊಂಡಳು. ನನ್ನ ಕೊರಳು ಹಗುರಾಯಿತು. ಒಳಗೆ ಯಂತ್ರದಿಂದ ಯಂತ್ರಕ್ಕೆ ಮಲಗಿಸುವಾಗ, ಬಾಗಿಲಾಚೆ ಆಯಿ ಇದ್ದಾಳೆ ಎಂದುಕೊಳ್ಳುತ್ತ ಉಸಿರು ಹದಕ್ಕೆ ತಂದುಕೊಂಡೆ.

ಸಂಜೆ ಹೊರಬಂದಾಗ ಅಲ್ಲೇ ಕೂತಿದ್ದಳು. ಊಟ ಮಾಡಿರಲಿಲ್ಲ. ನರ್ಸ್ ತಂದುಕೊಟ್ಟ ಚಹಾ ಪಕ್ಕದಲ್ಲಿ ಆರಿಹೋಗಿತ್ತು. ಕೈ ಜೋಮು ಹಿಡಿದು ಬೆರಳು ಬಿಚ್ಚಲು ಬರುತ್ತಿರಲಿಲ್ಲ; ನಾನೇ ಮೆಲ್ಲಗೆ ತಿಕ್ಕಿ ಬಿಡಿಸಿದೆ. ಅದೇ ಕೈಯಿಂದ ಅವಳು ಮತ್ತೆ ನನ್ನ ಕೊರಳಿಗೆ ಕಟ್ಟಿದಳು. ಕಟ್ಟಿ, ನನ್ನ ತಲೆ ನೇವರಿಸಿದಳು. ಆ ಹೊತ್ತಿಗೆ ನನಗೆ ಆಯ್ಕೆಯ ಚಿಂತೆಯೇ ಇರಲಿಲ್ಲ.

ಕೆಲವು ವಾರಗಳ ನಂತರ ಆಯ್ಕೆಯಾದ ಸುದ್ದಿ ಬಂತು. ಮೊದಲ ಫೋನು ಊರಿಗೆ. ಕಾಕಾ ಕೇಕೆ ಹಾಕಿದ್ದು ಕೇಳಿಸಿತು, ಅಪ್ಪ ಅತ್ತ. ಆಯಿ ಫೋನು ಇಸಿದುಕೊಂಡಳು.

“ಅಲ್ಲಿ ಮ್ಯಾಲ ಬಾಗಲ ಹೊರಗ ಕುಂದರಾಕ ಜಾಗಾ ಇರತೈತೇನವಾ?” ಎಂದು ಕೇಳಿದಳು.

“ಇಲ್ಲ ಆಯಿ.”

“ಹಂಗಾರ ಲಗೂನ ಬಾ.”