ಹಿಮದಲ್ಲಿ ಗೆರೆ ಎಳೆದ ಮಾಳಿಂಗಪ್ಪ

ಬೆಳಗಿನ ಐದೂವರೆ. ಜೇವರ್ಗಿಯಿಂದ ವಿಜಯಪುರದ ಕಡೆ ಹೋಗುವ ರಸ್ತೆಯ ಬದಿಯ ತಗಡಿನ ಗ್ಯಾರೇಜಿನಲ್ಲಿ ಮಾಳಿಂಗಪ್ಪ ಟ್ರ್ಯಾಕ್ಟರಿನ ಕೆಳಗೆ ಮಲಗಿದ್ದಾರೆ. ಹೊರಗೆ ಕಾಣುವುದು ಬರಿಗಾಲೆರಡು ಮಾತ್ರ. ಎಡಗಾಲಿಗೆ ಮೂರೇ ಬೆರಳು. ‘ಚಹಾ ಕುಡೀರಿ, ಬಂದೆ’ ಎಂದು ಒಳಗಿನಿಂದಲೇ ಹೇಳುತ್ತಾರೆ. ತೊಗರಿ ರಾಶಿಯ ದಿನಗಳು. ಏಳಕ್ಕೆಲ್ಲ ಈ ಗಾಡಿ ಹೊಲದಲ್ಲಿರಬೇಕು. ದಿನಕ್ಕೆ ನಾಲ್ಕೈದು ಟ್ರ್ಯಾಕ್ಟರು ಅವರ ಕೈಯಲ್ಲಿ ರಿಪೇರಿಯಾಗುತ್ತವೆ. ಐವತ್ತನಾಲ್ಕರ ಈ ಮನುಷ್ಯ ಮೂರು ಬಾರಿ ಅಂಟಾರ್ಕ್ಟಿಕಾಕ್ಕೆ ಹೋಗಿ ಬಂದವರೆಂದು ಗಿರಾಕಿಗಳಿಗೆ ಗೊತ್ತಿಲ್ಲ.

ಹುಟ್ಟೂರು ಭೀಮಾ ದಂಡೆಯ ಘತ್ತರಗಿ. ಹದಿನೇಳು ವರ್ಷ ಸೇನೆಯಲ್ಲಿ ವಾಹನ ಮೆಕ್ಯಾನಿಕ್, ಅದರಲ್ಲಿ ಆರು ವರ್ಷ ಲಡಾಖಿನಲ್ಲಿ. ನಿವೃತ್ತಿಯಾದ ಮೇಲೆ, ಹಿಮ ಕೊರೆಯಲು ಜಾಗ ಹುಡುಕುವ ವಿಜ್ಞಾನಿಗಳ ತಂಡವೊಂದಕ್ಕೆ ಚಾಲಕರು ಬೇಕೆಂದು ಹಳೆಯ ಅಧಿಕಾರಿಯೊಬ್ಬರು ತಿಳಿಸಿದರು. ಹೋದರು.

ಧ್ರುವದಲ್ಲಿ ಹಿಮ ವರ್ಷ ವರ್ಷವೂ ಪದರವಾಗಿ ಕೂರುತ್ತದೆ. ಆಯಾ ಕಾಲದ ಗಾಳಿ, ಧೂಳು ಅದರಲ್ಲಿ ಸಿಕ್ಕಿಕೊಳ್ಳುತ್ತವೆ. ಕೊರೆದು ಕಂಬದಂತೆ ಹೊರತೆಗೆದರೆ ಹಳೆಯ ಕಾಲದ ಹವಾಮಾನವನ್ನು ಓದಬಹುದು. ಆದರೆ ಹಿಮ ಹರಿಯುವ ಕಡೆ ಪದರಗಳು ಮಡಚಿಕೊಂಡಿರುತ್ತವೆ, ಕರಗುವ ಕಡೆ ಅಳಿಸಿಹೋಗಿರುತ್ತವೆ. ಮಾಳಿಂಗಪ್ಪ ತಮ್ಮದೇ ರೀತಿಯಲ್ಲಿ ಹೇಳುತ್ತಾರೆ: ‘ನಮ್ಮ ಕಡೆ ಬೋರ್ ಹಾಕೋವಾಗ ನೀರಿನ ಜಾಗ ಹುಡುಕ್ತಾರಲ್ರಿ. ಅಲ್ಲಿ ನೀರೇ ಆಗದ ಜಾಗ ಬೇಕು. ಅಲುಗಾಡದ ಜಾಗ ಬೇಕು.’

ಅದನ್ನು ಹುಡುಕುವುದು ಹಿಮದೊಳಗಿನ ಪದರಗಳನ್ನು ತೋರಿಸುವ ರಾಡಾರ್. ಚಕ್ರದ ಬದಲು ಪಟ್ಟಿಯ ಮೇಲೆ ಉರುಳುವ ಪಟ್ಟಾ ಗಾಡಿಯ ಹಿಂದೆ ಅದನ್ನು ಕಟ್ಟಿ, ಒಂದಿಷ್ಟೂ ಸೊಟ್ಟಗಾಗದಂತೆ ದಿನಕ್ಕೆ ಹತ್ತು ತಾಸು ಎಳೆಯಬೇಕು. ಮೇಲ್ಪದರದ ಅಡಿಯಲ್ಲಿ ಆಳವಾದ ಬಿರುಕುಗಳಿರುವ ಕಡೆ ಒಬ್ಬ ಮುಂದೆ ನಡೆದು, ಉದ್ದನೆಯ ಸಲಾಕೆಯಿಂದ ಹಿಮವನ್ನು ಚುಚ್ಚಿ ನೋಡುತ್ತ ದಾರಿ ಹೇಳಬೇಕು. ಹಾಗೆ ಮುಂದೆ ನಡೆಯುತ್ತಿದ್ದವನು ಆಳಂದದ ಧಮ್ಮಪಾಲ. ಮೂವತ್ಮೂರು ವರ್ಷ, ಅವನೂ ಸೇನೆಯಿಂದ ಬಂದವನು. ‘ಅಷ್ಟು ದೂರ ಹೋಗಿ ನಮ್ಮ ಕಡೆ ಮಾತು ಕಿವಿಗೆ ಬಿತ್ತು ನೋಡ್ರಿ. ಅವತ್ತಿಂದ ಒಂದೇ ತಾಟಿನಾಗ ಉಂಡೆವು.’

ಮೂರನೆಯ ವರ್ಷದ ಜನವರಿ. ಸಮೀಕ್ಷೆಗೆ ರಾಡಾರ್ ಎಳೆಯಬೇಕಾದ ಕೊನೆಯ ಗೆರೆ. ದಾರಿ ಗುರುತಿಗೆ ನೆಟ್ಟ ಬಾವುಟವೊಂದು ಗಾಳಿಗೆ ಬಾಗಿತ್ತು. ‘ಅದನ್ನ ನೆಟ್ಟಗ ಮಾಡಿ ಬಾ ಅಂತ ಧಮ್ಮಪಾಲಗ ನಾನೇ ಅಂದೆ. ಸೊಂಟಕ್ಕ ಕಟ್ಟಿದ್ದ ಹಗ್ಗ ಅಲ್ಲಿ ತನಕ ಮುಟ್ಟಲಿಲ್ಲ. ಬಿಚ್ಚಿದ. ಹತ್ತು ಹೆಜ್ಜೆ ಇತ್ತು ಅಷ್ಟೇ.’ ಆರು ಹೆಜ್ಜೆ ನಡೆಯುವಷ್ಟರಲ್ಲಿ ಕಾಲ ಕೆಳಗಿನ ಹಿಮ ಕುಸಿಯಿತು. ಮಾಳಿಂಗಪ್ಪ ಹಗ್ಗ ಕಟ್ಟಿಕೊಂಡು ನಲವತ್ತು ಮೀಟರ್ ಇಳಿದರು. ಕೂಗಿದರು. ಬಿರುಕು ಇನ್ನೂ ಕೆಳಗೆ ಹೋಗಿತ್ತು. ಆಮೇಲೆ ಎರಡು ದಿನ ಬಿರುಗಾಳಿ.

ಗಾಳಿ ನಿಂತಾಗ ತಂಡದ ವಿಜ್ಞಾನಿ ರಾಧಿಕಾ ವಾಪಸು ಹೊರಡೋಣ ಎಂದರು. ಉಳಿದದ್ದು ಮೂವತ್ತೊಂದು ಕಿಲೋಮೀಟರ್. ಮಾಳಿಂಗಪ್ಪ ಒಪ್ಪಲಿಲ್ಲ. ‘ಅರ್ಧಕ್ಕ ಬಿಟ್ರ ಮುಂದಿನ ವರ್ಷ ಮತ್ತೊಬ್ಬ ತಾಯಿ ಮಗ ಇದೇ ದಾರಿ ಚುಚ್ಚಿಕೋತ ನಡೀಬೇಕ್ರಿ ಮೇಡಂ.’ ಬಿರುಕಿನ ಪ್ರದೇಶ ದಾಟುವವರೆಗೆ ಸಲಾಕೆ ಹಿಡಿದು ಅವರೇ ಮುಂದೆ ನಡೆದರು. ರಾಧಿಕಾ ಗಾಡಿ ಓಡಿಸಿದರು. ಚಳಿಗೆ ಮರಗಟ್ಟಿ ಎರಡು ಕಾಲ್ಬೆರಳು ಹೋದದ್ದು ಆಗಲೇ. ಮರುದಿನ ಎತ್ತರದ ಬಯಲಿನಲ್ಲಿ ರಾಡಾರಿನ ಪರದೆಯ ಮೇಲೆ ಪದರಗಳು ಒಂದರ ಕೆಳಗೊಂದು ನೇರವಾಗಿ ಮೂಡಿದವು. ಜಾಗ ಸಿಕ್ಕಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಊರಿಗೆ ಬಂದವರು ಮನೆಗೆ ಹೋಗದೆ ಮೊದಲು ಆಳಂದಕ್ಕೆ ಹೋದರು. ಧಮ್ಮಪಾಲನ ತಾಯಿ ಸಾಬವ್ವ ಹಾಸ್ಟೆಲೊಂದರಲ್ಲಿ ಅಡುಗೆ ಮಾಡುತ್ತಾರೆ. ಮಾಳಿಂಗಪ್ಪ ಬಾವುಟದ ಮಾತನ್ನು ಮುಚ್ಚಿಡದೆ ಹೇಳಿದರು. ಆಕೆ, ‘ನೀ ಹೇಳದಿದ್ರೂ ಅವ ಹೋಗ್ತಿದ್ದ. ಸೊಟ್ಟ ನಿಂತದ್ದು ಅವಗ ಸಣ್ಣವಿದ್ದಾಗಿಂದ ಆಗ್ತಿರಲಿಲ್ಲ’ ಎಂದರು. ಆಮೇಲೆ ಕೇಳಿದರು: ‘ಈಗೂ ಅಲ್ಲೇ ಇದ್ದಾನೇನಪ್ಪ?’

ಈ ಪ್ರಶ್ನೆಯನ್ನು ಮಾಳಿಂಗಪ್ಪ ಅಂಟಾರ್ಕ್ಟಿಕಾದಲ್ಲಿದ್ದಾಗಲೇ ರಾಧಿಕಾ ಅವರಿಗೆ ಕೇಳಿದ್ದರು. ಆ ಭಾಗದ ಹಿಮ ವರ್ಷಕ್ಕೆ ಇಪ್ಪತ್ತು ಮೀಟರ್ ಸರಿಯುತ್ತದೆ. ಸಮುದ್ರ ಅಲ್ಲಿಂದ ತೊಂಬತ್ತು ಕಿಲೋಮೀಟರ್. ‘ಅವ ಸಮುದ್ರ ಸೇರಲಾಕ ನಾಲ್ಕೂವರೆ ಸಾವಿರ ವರ್ಷ ಬೇಕಂತ್ರಿ. ಆ ತಾಯಿಗಿ ಅದನ್ನ ಹ್ಯಾಂಗ ಹೇಳಲಿ? ಹೌದವ್ವ, ಅಲ್ಲೇ ಇದ್ದಾನ ಅಂದೆ.’ ಆಕೆಗೆ ಹೇಳಿದ್ದು ಅದೊಂದೇ ಸುಳ್ಳು ಎನ್ನುತ್ತಾರೆ. ಈಗ ಪ್ರತಿ ತಿಂಗಳೂ ಆಳಂದಕ್ಕೆ ಹೋಗುತ್ತಾರೆ. ಸಾಬವ್ವ ಬಡಿಸಿದ್ದನ್ನು ಉಂಡು ಬರುತ್ತಾರೆ.

ಮರುವರ್ಷ ಬೇರೆ ತಂಡ ಆ ಬಯಲಿನಲ್ಲಿ ಇನ್ನೂರೆಂಬತ್ತು ಮೀಟರ್ ಕೊರೆಯಿತು. ಹಿಮದ ಕಂಬದಲ್ಲಿ ಪದರ ಎಲ್ಲಿಯೂ ಕದಡಿರಲಿಲ್ಲ ಎಂದು ರಾಧಿಕಾ ಫೋನ್ ಮಾಡಿ ತಿಳಿಸಿದರು. ಆ ತಂಡದ ಜೊತೆ ಹೋಗಲು ನಡೆದ ವೈದ್ಯಕೀಯ ಪರೀಕ್ಷೆಯಲ್ಲಿ ಕಾಲಿನ ಕಾರಣಕ್ಕೆ ಮಾಳಿಂಗಪ್ಪ ಪಾಸಾಗಲಿಲ್ಲ. ಅಚ್ಚಾದ ವರದಿಯಲ್ಲಿ ‘ಸಹಾಯಕ ಸಿಬ್ಬಂದಿಗೆ ಧನ್ಯವಾದ’ ಎಂಬ ಒಂದು ಸಾಲಿದೆ.

ಏಳಕ್ಕೆ ಹತ್ತು ನಿಮಿಷ ಇರುವಾಗ ಟ್ರ್ಯಾಕ್ಟರು ಶುರುವಾಗುತ್ತದೆ. ಕೈ ಒರೆಸಿಕೊಂಡು ಬಂದ ಮಾಳಿಂಗಪ್ಪ ಫೋಟೊ ಬೇಡ ಎನ್ನುತ್ತಾರೆ. ನನ್ನ ನೋಟ್‌ಬುಕ್ಕಿನ ಕಡೆ ನೋಡಿ ಹೇಳುತ್ತಾರೆ:

‘ನಂದು ಬರೀದಿದ್ರೂ ನಡೀತದ್ರಿ. ಅವಂದು ಪೂರಾ ಹೆಸರು ಹಾಕ್ರಿ. ಧಮ್ಮಪಾಲ ಅಣ್ಣಾರಾಯ, ಆಳಂದ. ಪೇಪರ್ ಬಂದ ದಿನ ಒಯ್ದು ಆ ತಾಯಿಗಿ ಓದಿ ಹೇಳ್ತೇನಿ.’