ಹೈಡ್ರಾದ ಊಟ ಓಡಿಹೋದ ದಿನ

ಇಂದು ಮುದ್ದೇಬಿಹಾಳದ ಬಸ್ಸಿನಲ್ಲಿ ಪಕ್ಕದವರು ಬುತ್ತಿ ಬಿಚ್ಚಿದರು. ಶೇಂಗಾ ಹಿಂಡಿಯ, ಅದೇ ಕಡಲೆಕಾಯಿ ಚಟ್ನಿಪುಡಿಯ, ವಾಸನೆ ನನ್ನನ್ನು ನಮ್ಮ ಶಾಲೆಯ ಅಂಗಳಕ್ಕೆ ಎಳೆದೊಯ್ದಿತು.

ಊಟ ಮುಗಿದಿತ್ತು. ವಿಜ್ಞಾನದ ಅಕ್ಕೋರು ಸೆರಗು ಸಿಕ್ಕಿಸಿಕೊಂಡು ನಮ್ಮನ್ನು ದೂರದೂರ ನಿಲ್ಲಿಸಿದರು. “ಈಗ ನೀವು ಸಮುದ್ರದಾಗಿನ ಸ್ಪಂಜು ಪ್ರಾಣಿ. ಜೀವಕೋಶ ಅದಾವ, ಆದ್ರ ಯಾರ ಕೆಲಸ ಅವರಿಗೆ. ಇನ್ನ ಕೈ ಕೈ ಹಿಡೀರಿ. ಅಂಗಾಂಶ ಆಗತೈತಿ, ಹೈಡ್ರಾ ಅನ್ನೋ ನೀರಿನ ಜೀವಿ ಆಗ್ತೀರಿ.” ನಮ್ಮ ವರ್ತುಲದ ನಡುವೆ ನಿಂತ ಸಹಪಾಠಿ ಬಸ್ಯಾ ಹೈಡ್ರಾ ನುಂಗಿದ ಊಟ; ಅವನು ಹೊರಗೆ ನುಸುಳದಂತೆ ನಾವು ತಡೆಯಬೇಕಿತ್ತು.

ನನ್ನ ಪಕ್ಕ ಗೌಡರ ಮಗಳು ಶಾಂತಾ. ನಮ್ಮ ಕೇರಿಯವರನ್ನು ಅವಳ ಮನೆಯವರು ಮುಟ್ಟುತ್ತಿರಲಿಲ್ಲ. ಅವಳು ಕೈಯ ಬದಲು ಕರ್ಚೀಫಿನ ತುದಿ ಚಾಚಿದಳು. ನಾನು ಅದನ್ನು ಹಿಡಿಯಲಿಲ್ಲ. ಆ ಸಂದಿಯಿಂದ ಬಸ್ಯಾ ಪರಾರಿ!

“ಹೈಡ್ರಾ ಉಪವಾಸ ಬಿತ್ತಲ್ಲವ್ವಾ! ನೀವಿನ್ನೂ ಸ್ಪಂಜಿನ ಹಂತದಾಗ ಅದೀರಿ,” ಎಂದು ಅಕ್ಕೋರು ನಕ್ಕರು.

ದೂರದಲ್ಲಿ ಬಸ್ಯಾ ಹಲ್ಲು ಕಿರಿದ. ಶಾಂತಾಳಿಗೆ ರೋಷ ಬಂತು. ಕರ್ಚೀಫು ಎಸೆದು ನನ್ನ ಕೈಯನ್ನು ಗಪ್ಪನೆ ಹಿಡಿದಳು. “ಬಿಗಿ ಹಿಡಿಯಲೇ, ಈ ಸಲ ಅವನ್ನ ಬಿಡೂದು ಬ್ಯಾಡ!”

ಮತ್ತೆ ನಡುವೆ ಬಂದು ನಿಂತ ಬಸ್ಯಾ ನುಗ್ಗಿದ, ಗೋಗರೆದ. ನಾವು ಬಿಡಲಿಲ್ಲ.

ಆಮೇಲೆ ಶಾಂತಾ ತನ್ನ ಅಂಗೈ ಮೂಸಿದಳು. “ಯವ್ವಾ, ಶೇಂಗಾ ಹಿಂಡಿ! ನಾಳೆ ನನಗೂ ತರ್ತಿಯೇನ?”

ಸಮಾನತೆಯ ಕಿರುಹೊತ್ತಿಗೆಗಳನ್ನು ನಾನು ರಾಶಿಗಟ್ಟಲೆ ಓದಿದ್ದು ಅನಂತರ. ಹಿಂಡಿಯನ್ನು ಮಾತ್ರ ಮರುದಿನವೇ ಒಯ್ದೆ.

“ತಗೋರಿ,” ಎಂದರು ಬಸ್ಸಿನ ಪಕ್ಕದವರು. ನಾನು ಕೈ ಚಾಚಿದೆ.