ಬೇವಿನ ತಪ್ಪಲಿಗೆ ಹೋದವಳು

ಅಜ್ಜಿಯಾದವಳ ಮೈಮೇಲೆ ಮಕ್ಕಳ ಗುಳ್ಳೆ ಎದ್ದರೆ ಯಾರೂ ಮರುಗುವುದಿಲ್ಲ, ನಗುತ್ತಾರೆ. ಮೊಮ್ಮಗನಿಗೆ ಚಿಕನ್‌ಪಾಕ್ಸ್ ಬಂದಾಗ ನಮ್ಮ ವಾಡಿ ಊರಿನ ಡಾಕ್ಟರು, "ನಿಮಗ ಸಣ್ಣಾಕಿದ್ದಾಗ ಬಂದಿತ್ತೇನ್ರಿ?" ಎಂದರು. ಇಲ್ಲವೆಂದೆ. ಲಸಿಕೆ ಹಾಕಿದರು. ಆ ಧೈರ್ಯದಲ್ಲಿ ನಾನು ನಮ್ಮ ಕ್ವಾರ್ಟರ್ಸಿನ ಅಕ್ಕಪಕ್ಕದವರಿಗೆಲ್ಲ ಸೂಜಿ ಹಾಕಿಸಿಕೊಳ್ಳಿ ಎಂದು ಬುದ್ಧಿ ಹೇಳಿದ್ದೇ ಹೇಳಿದ್ದು. ಹತ್ತನೆಯ ದಿನ ಜ್ವರ, ಹೊಟ್ಟೆಯ ಮೇಲೆ ಗುಳ್ಳೆ.

"ಸೂಜಿಗಿಂತ ಮೊದಲೇ ಮೊಮ್ಮಗ ಅಂಟಿಸ್ಯಾನ್ರಿ. ಸೂಜಿ ಆಗಿದ್ದಕ್ಕ ಇಷ್ಟಕ್ಕ ನಿಂತದ," ಎಂದರು ಡಾಕ್ಟರು.

ಐದನೆಯ ತರಗತಿಗೆ ಶಾಲೆ ಬಿಟ್ಟ ನನ್ನ ತಲೆಗೆ ಬೇರೆಯೇ ಹೊಳೆಯಿತು. ಇದು ನಲವತ್ತು ವರ್ಷದ ಹಿಂದೆಯೇ ನನಗೆ ಬರಬೇಕಿತ್ತು, ನಾನು ತಪ್ಪಿಸಿಕೊಂಡಿದ್ದೆ.

ಆಗ ತವರೂರು ಐನಾಪುರದಲ್ಲಿ ತಮ್ಮ ಶರಣುವಿಗೆ ದೇವಿ ಬಂದಿದ್ದಳು. ಈ ಗುಳ್ಳೆಯನ್ನು ರೋಗವೆನ್ನುವಂತಿಲ್ಲ. ದೇವಿ ಇರುವಷ್ಟು ದಿನ ಮನೆಯಲ್ಲಿ ಒಗ್ಗರಣೆಯಿಲ್ಲ, ಬೈಗುಳವಿಲ್ಲ. ನಮ್ಮವ್ವನಂಥ ಅವ್ವನೂ ಮೆಲ್ಲಗೆ ಮಾತಾಡುತ್ತಿದ್ದಳು. ತೊಗರಿ ಹೊಲಕ್ಕೆ ಹೊರಟವಳು, ತಮ್ಮನಿಗೆ ಬೇವಿನ ತಪ್ಪಲಿನಿಂದ, ಎಂದರೆ ಎಲೆಯ ಗೊಂಚಲಿನಿಂದ, ಗಾಳಿ ಹಾಕುತ್ತ ಕೂರು ಎಂದಳು. ನನಗೆ ನನ್ನ ಮುಖದ ಚಿಂತೆ. "ಹಸಿ ತಪ್ಪಲ ತರ್ತೀನಿ" ಎಂದು ಹೊರಬಿದ್ದು, ಬೇವಿನ ಗಿಡ ದಾಟಿ, ಚಿಂಚೋಳಿ ಬಸ್ಸು ಹತ್ತಿದೆ. ಸೋದರತ್ತೆಯ ಮನೆಯಲ್ಲಿ ಒಗ್ಗರಣೆ ಘಮಘಮಿಸುವ ಮಂಡಕ್ಕಿಯ ಸುಸಲಾ ತಿನ್ನುತ್ತ ಎಂಟು ದಿನ ಕಳೆದೆ.

ತಿರುಗಿ ಬಂದಾಗ ಅವ್ವ ಒಂದು ಮಾತೂ ಅನ್ನಲಿಲ್ಲ. ದೇವಿ ಇನ್ನೂ ಮನೆಯಲ್ಲಿದ್ದಾಳೆ, ಅದಕ್ಕೇ ಬೈಯಲಿಲ್ಲ ಎಂದುಕೊಂಡೆ. ತಮ್ಮನ ಮೂಗಿನ ಮೇಲೊಂದು ಕುಳಿ ಉಳಿಯಿತು. ಅಂದಿನಿಂದ ಅವನು ಉಣ್ಣಲು ಕುಳಿತರೆ ಒಂದು ರೊಟ್ಟಿ ಹೆಚ್ಚಿಗೆ ಬಡಿಸುತ್ತೇನೆ, ಮುಖ ನೋಡದೆ.

ಈಗ ಸುದ್ದಿ ತಿಳಿದು ಅವನೇ ಓಡಿ ಬಂದ. "ನನಗ ಆಗಿ ಹೋಗ್ಯಾದ, ನನಗೇನ ಅಂಜಿಕಿ?" ಎಂದು ಪಕ್ಕದಲ್ಲಿ ಕುಳಿತು ಗಾಳಿ ಹಾಕತೊಡಗಿದ. ನನಗೆ ತಡೆಯಲಾಗಲಿಲ್ಲ.

"ಶರಣೂ, ಅವತ್ತ ನಾ ತಪ್ಪಲಕ್ಕ ಹೋಗಿರಲಿಲ್ಲೋ. ಅಂಜಿ ಓಡಿ ಹೋಗಿದ್ದೆ."

"ಗೊತ್ತದ ಬಿಡಕ್ಕಾ. ಎಂಟು ದಿನ ತಪ್ಪಲ ಹರಿಲಿಕ್ಕ ನೀ ಏನ ಅಡವಿಗಿ ಹೋಗಿದ್ದೇನು?"

"ಮತ್ತ ಅವ್ವ ಯಾಕ ಬೈಲಿಲ್ಲೋ?"

"ನೀ ಅತ್ತಿ ಮನ್ಯಾಗ ಇದ್ದಿ ಅಂತ ಗೊತ್ತಾದಾಗ ಭಾಳ ಸಿಟ್ಟಿಗೆದ್ದಿದ್ಳು. ಇಲ್ಲಿದ್ರ ಅಕ್ಕಗೂ ಬರ್ತದ, ಅದಕ್ಕ ನಾನೇ ಅತ್ತಿ ಮನಿಗಿ ಕಳಿಸೀನಿ ಅಂತ ಅವ್ವಗ ಹೇಳಿದೆ."

ಅಂದು ನಮ್ಮ ಮನೆಯಲ್ಲಿ ಸುಳ್ಳು ಹೇಳಿದವಳು ನಾನೊಬ್ಬಳೇ ಎಂದು ಇಷ್ಟು ವರ್ಷ ಕೊರಗಿದ್ದೆ. ಮೈತುಂಬ ಗುಳ್ಳೆ ಹೊತ್ತು ಒಬ್ಬನೇ ಮಲಗಿದ್ದ ಏಳು ವರ್ಷದವನು ನನ್ನದಕ್ಕಿಂತ ಎಷ್ಟೋ ಚೆಂದದ ಸುಳ್ಳು ಹೇಳಿದ್ದ.